ಹೆಸರು ಹೇಳಬಾರದ ಎಲೆಯ ಹಿಂದೆ ಹಾಲೆಂಡಿಗೆ

ಸಾರವಾಡ

ಹಾಲೆಂಡಿನಲ್ಲಿ ಏನು ಕಂಡಿ ಎಂದು ಊರಲ್ಲಿ ಎಲ್ಲರೂ ಕೇಳುತ್ತಾರೆ. ಮೊಮ್ಮಗಳನ್ನು ಕಂಡೆ ಎನ್ನುತ್ತೇನೆ. ಅದಕ್ಕೆ ಅಷ್ಟು ದೂರ ಹೋಗಬೇಕಿತ್ತೇ ಎಂದು ನಗುತ್ತಾರೆ. ಹೋಗಬೇಕಿತ್ತು. ನಮ್ಮ ಅಂಗಳದಲ್ಲಿ ಮೂಗು ಸುರಿಸಿಕೊಂಡು ಕುರಿಮರಿಯ ಹಿಂದೆ ಓಡುತ್ತಿದ್ದ ಶಾಂಭವಿ ಬೇರೆ, ಅಲ್ಲಿ ಕರಿ ನಿಲುವಂಗಿಯ ದೊಡ್ಡವರ ಎದುರು ನಿಂತ ಶಾಂಭವಿ ಬೇರೆ. ಇಬ್ಬರನ್ನೂ ಕಂಡದ್ದು ಇವೇ ಕಣ್ಣು. ಬಂದು ಇಷ್ಟು ದಿನವಾದರೂ ಹಿಗ್ಗು ಇಳಿದಿಲ್ಲ. ಇಳಿಯುವುದರೊಳಗೆ ಬರೆದುಬಿಡಬೇಕೆಂದು ಕೂತಿದ್ದೇನೆ.

ಮೊದಲು ಎಲೆಯ ವಿಷಯ ಹೇಳಬೇಕು. ನಮ್ಮ ಮನೆಯಲ್ಲೊಂದು ಔಷಧವಿದೆ. ಕಾಲಿಗೆ ಜಾಲಿಮುಳ್ಳು ನೆಟ್ಟು ಬಾವು ಬಂದರೆ ಕಟ್ಟುವ ಎಲೆ. ನನ್ನ ಅತ್ತೆ ನನಗೆ ಕೊಟ್ಟದ್ದು. ಡೋಣಿ ಹೊಳೆಯ ದಂಡೆಯಲ್ಲಿ ತಾನಾಗಿ ಬೆಳೆಯುವ ಗಿಡ, ಕುರಿ ಕೂಡ ಮೂಸಿ ಮುಂದೆ ಹೋಗುತ್ತದೆ. ಆದರೆ ಅದರ ಮರ್ಯಾದೆ ದೊಡ್ಡದು. ಬೆಳಗಿನಲ್ಲಿ ಯಾರೊಡನೆಯೂ ಮಾತಾಡದೆ ಬರಿಗಾಲಲ್ಲಿ ಹೋಗಬೇಕು. ನಮ್ಮ ನೆರಳು ಅದರ ಮೇಲೆ ಬೀಳಬಾರದು. ಬುಡಕ್ಕೆ ಜೋಳದ ಕಾಳು ಹಾಕಿ, ‘ಒಯ್ಯಲೇನ ತಾಯಿ’ ಎಂದು ಕೇಳಿ ಕೀಳಬೇಕು. ಎಲ್ಲಕ್ಕಿಂತ ದೊಡ್ಡ ಕಟ್ಟಳೆ, ಹೆಸರನ್ನು ಯಾರಿಗೂ ಹೇಳಬಾರದು. ಹೇಳಿದರೆ ಗುಣ ಹೋಗುತ್ತದೆ. ಮುಂದೆ ಈ ಕೆಲಸ ನಡೆಸುವ ಒಬ್ಬರಿಗೆ ಮಾತ್ರ ಹೇಳಬಹುದು. ಆದ್ದರಿಂದ ಇಲ್ಲಿಯೂ ಬರೆಯುವುದಿಲ್ಲ.

ಕಟ್ಟಿಸಿಕೊಂಡವರಿಗೂ ಕಟ್ಟಳೆ ಇದೆ. ಕಾಯಿಸಿದ ಉಪ್ಪುನೀರಲ್ಲಿ ಕಾಲು ತೊಳೆಯಬೇಕು. ಬಾವು ಇಳಿಯುವವರೆಗೆ ಹೊರಸಿನ ಮೇಲೆ ಮಲಗಿರಬೇಕು, ಕಾಲು ಕೆಳಗಿಡಬಾರದು. ಒಲೆಯ ಮುಂದೆ ಕೂಡಬಾರದು, ಕೊಡ ಹೊರಬಾರದು, ಹೊಲದ ಕಡೆ ಮುಖ ಹಾಕಬಾರದು. ಸೂಜಿ ಮಾಡಿಸಿಕೊಳ್ಳಲು ಬಬಲೇಶ್ವರದ ದವಾಖಾನೆಗೆ ಹೋಗಬಹುದು, ಅದೂ ಗಾಡಿಯ ಮೇಲೆ. ಸುಗ್ಗಿಯ ದಿನಗಳಲ್ಲಿ ನನ್ನ ಎಲೆಗೆ ಬೇಡಿಕೆ ಹೆಚ್ಚು. ಅದರಲ್ಲೂ ಮುಳ್ಳು ನೆಡುವುದು ಸೊಸೆಯಂದಿರ ಕಾಲಿಗೇ. ಮುಳ್ಳಿಗೂ ಸೊಸೆಯಂದಿರನ್ನು ಕಂಡರೆ ಆಗುವುದಿಲ್ಲ ಎಂದುಕೊಂಡಿದ್ದೆ.

ಆ ಹೆಸರನ್ನು ನಾನು ಹೇಳಿದ್ದು ಶಾಂಭವಿಗೆ. ನನ್ನ ಮಗಳು ಸುನಂದಾ ವಿಜಯಪುರದಲ್ಲಿ ಇಂಗ್ಲಿಷ್ ಕಲಿಸುವ ಟೀಚರು, ಅವಳ ಮಗಳು. ಸಾಲಿಗೆ ಸೂಟಿ ಬಿದ್ದರೆ ನನ್ನ ಬೆನ್ನಿಗೇ ಇರುತ್ತಿದ್ದವಳು. ಹುಡುಗಿ ಓದುತ್ತ ಓದುತ್ತ ಹಾಲೆಂಡ್ ಮುಟ್ಟಿದಳು. ಅಲ್ಲಿ ಔಷಧಿ ಗಿಡಗಳ ಮೇಲೆ ಸಂಶೋಧನೆ. ಒಂದು ದಿನ ಫೋನಿನಲ್ಲಿ ಹೇಳಿದಳು: “ಆಯಿ, ನಿನ್ನ ಎಲಿ ಮ್ಯಾಲೇ ಮಾಡಾಕತ್ತೇನಿ.”

“ಹೆಸರ ಹೇಳಿಯೇನ?”

“ನಮ್ಮ ಮಾಸ್ತರಗ ಅಷ್ಟ ಹೇಳೇನಿ.”

“ಅಂವಾ ಯಾರಿಗೆ ಹೇಳ್ತಾನ?”

“ಕಡೀಕ ಎಲ್ಲಾರಿಗೂ ಹೇಳಬೇಕಾಗತೈತಿ, ಆಯಿ. ಮಂದಿ ಕೂಡಿಸಿ ಪರೀಕ್ಷಾ ಮಾಡ್ತಾರ. ಹೆಸರ ಹೇಳದ ಡಾಕ್ಟರಕಿ ಕೊಡಂಗಿಲ್ಲ.”

ಫೋನ್ ಕೆಳಗಿಟ್ಟು ಒಂದು ವಾರ ಒಳಗೊಳಗೇ ಕುದ್ದೆ. ನಮ್ಮಲ್ಲಿ ಬಾಯಿ ಮುಚ್ಚಿದರೆ ವೈದ್ಯ, ಅಲ್ಲಿ ಬಾಯಿ ಬಿಟ್ಟರೆ ಡಾಕ್ಟರು. ಅತ್ತೆಗೆ ಕೊಟ್ಟ ಮಾತು ಒಂದು ಕಡೆ, ಮೊಮ್ಮಗಳು ಒಂದು ಕಡೆ. ಸತ್ತ ಅತ್ತೆಗಿಂತ ಇದ್ದ ಮೊಮ್ಮಗಳ ತೂಕ ಹೆಚ್ಚಾಯಿತು. ಮುಂದಿನ ಸಲ ಅವಳು ಫೋನ್ ಮಾಡಿದಾಗ ಹೇಳಿದೆ: “ಹೇಳ ಬೇ. ಗುಣಾ ಹೋದ್ರ ಹೋಗಲಿ, ನೀ ಡಾಕ್ಟರ್ ಆಗು.”

ಅವಳು ಎಲೆಯ ಮಾತು ಬಿಟ್ಟು ಊರಿನ ಮಳೆಬೆಳೆ ಕೇಳಿದಳು. ಆಮೇಲೆ, “ಪರೀಕ್ಷಾ ದಿನ ನೀ ಬರಬೇಕು,” ಎಂದಳು. ಸಂತೋಷಕ್ಕೆ ಮಾತು ದಾರಿ ತಪ್ಪಿರಬೇಕು ಎಂದು ತಿಳಿದೆ.

ಊರೆಲ್ಲ ಸಾರಿದೆ. ನಮ್ಮ ಎಲೆ ಪರದೇಶದಲ್ಲಿ ಪಾಸಾಗುತ್ತದೆ ಎಂದು ಬಸ್ಸಿನ ಕಂಡಕ್ಟರನಿಗೂ ಹೇಳಿದೆ. ಬಾಜೂ ಮನೆಯ ನೀಲವ್ವ ಅಕ್ಕಿ ಆರಿಸುತ್ತ ಕೇಳಿದಳು: “ಪರೀಕ್ಷಾಕ್ಕ ಎಲಿ ಕೂಡ್ತೈತೋ, ನಿನ್ನ ಮೊಮ್ಮಗಳು ಕೂಡ್ತಾಳೋ?”

“ಇಬ್ರೂ ಕೂಡ್ತಾರ.”

“ಎಲಿ ಫೇಲಾದ್ರ?”

“ನಮ್ಮ ಮನ್ಯಾಗ ನಾಕನೇ ಇಯತ್ತೆಕ್ಕ ಸಾಲಿ ಬಿಟ್ಟಾಕಿ ನಾ ಒಬ್ಬಾಕಿನ. ಉಳಿದವರೆಲ್ಲಾ ಪಾಸಾಗೂ ಪೈಕಿ.”

ವಿಜಯಪುರ, ಮತ್ತೆ ಆಕಾಶ

ಸುನಂದಾಳ ಮನೆ ಗೋಳಗುಮ್ಮಟದ ಹಿಂದಿನ ಓಣಿಯಲ್ಲಿ. ಅವಳೂ ನನ್ನ ಜೊತೆ ಹೊರಟಿದ್ದಳು. ಹೊರಡುವ ಮುನ್ನ ನನ್ನ ಚೀಲ ಸುರುವಿ ತಪಾಸಣೆ ಮಾಡಿದಳು. ಕಡಕ್ ರೊಟ್ಟಿ ಇರಲಿ, ಶೇಂಗಾ ಚಟ್ನಿ ಇರಲಿ, ತಿಕೋಟಾದ ನನ್ನ ತಮ್ಮ ಕಟ್ಟಿಕೊಟ್ಟ ಒಣದ್ರಾಕ್ಷಿ ಇರಲಿ ಎಂದಳು. ಒಣಗಿಸಿ ಅರಿವೆಯಲ್ಲಿ ಕಟ್ಟಿದ್ದ ಎಲೆಯನ್ನು ಮಾತ್ರ ತೆಗೆದಿಟ್ಟಳು.

“ಗಿಡಗಂಟಿ ಒಯ್ಯಾಕ ಬಿಡಂಗಿಲ್ಲವ್ವಾ.”

“ಅಲ್ಲೇ ಬೆಳಸ್ಯಾರಂತಲ್ಲ?”

“ಅದು ಕಾಗದಾ ಮಾಡಿಸಿಕೊಂಡ ಹೋಗೇತಿ. ನಿಂದು ಹಂಗ ಹೊಂಟೈತಿ.”

ಗಿಡಕ್ಕೂ ಪಾಸ್‌ಪೋರ್ಟ್ ಬೇಕು ಎಂದು ಆಗ ತಿಳಿಯಿತು.

ವಿಮಾನದಲ್ಲಿ ಕೂತ ಮೇಲೆ ಮನೆಯ ರೂಢಿಯಂತೆ ಚಪ್ಪಲಿ ಬಿಟ್ಟೆ. ಇಳಿಯಲು ವಿಮಾನ ಮುಂದಕ್ಕೆ ಬಾಗಿದಾಗ ಒಂದು ಚಪ್ಪಲಿ ನನ್ನನ್ನು ಬಿಟ್ಟು ಮುಂದಿನವರ ಕಾಲಡಿಗೆ ಹೋಯಿತು. ಅಲ್ಲಿಂದ ಅದರ ಮುಂದಿನವರ ಕಾಲಡಿಗೆ. ನನಗಿಂತ ಮೊದಲು ಹಾಲೆಂಡ್ ಮುಟ್ಟುವ ಅವಸರ ಅದಕ್ಕೆ. ಮಂದಿ ಒಬ್ಬರಿಂದೊಬ್ಬರು ಕಾಲಲ್ಲೇ ದೂಡುತ್ತ ಅದನ್ನು ನನಗೆ ಮರಳಿಸಿದರು. ಯಾರೂ ಮುಖ ಕಿವುಚಲಿಲ್ಲ. ಹಾಲೆಂಡಿನ ಮಂದಿ ಒಳ್ಳೆಯವರೆಂದು ನೆಲಕ್ಕೆ ಇಳಿಯುವ ಮುಂಚೆಯೇ ತೀರ್ಮಾನ ಮಾಡಿದೆ.

ಅಲ್ಲಿನ ತಪಾಸಣೆಯವನು ರೊಟ್ಟಿಯ ಗಂಟು ಬಿಚ್ಚಿಸಿದ. ಒಂದನ್ನು ಎತ್ತಿ ಬೆರಳಿನಿಂದ ತಟ್ಟಿದ. ಟಣ್ ಎಂದಿತು. ಮತ್ತೊಂದು ತಟ್ಟಿದ. ತಿನ್ನುವುದೋ ಬಾರಿಸುವುದೋ ಎಂದು ಸುನಂದಾಳನ್ನು ಕೇಳಿದನಂತೆ. ನಾನು ಮುರಿದು ಒಂದು ಚೂರು ಕೊಟ್ಟೆ. ಕೆಲಸದ ಮೇಲೆ ತಿನ್ನಬಾರದಂತೆ, ಆದರೂ ಅದನ್ನು ಕಿಸೆಯಲ್ಲಿ ಇಟ್ಟುಕೊಂಡ.

ಮಾರ್ಯಾಳ ಮನೆ

ಶಾಂಭವಿ ಬಾಡಿಗೆಗಿದ್ದದ್ದು ಮಾರ್ಯಾ ಎಂಬ ನನ್ನದೇ ವಯಸ್ಸಿನ ಹೆಂಗಸಿನ ಮನೆಯಲ್ಲಿ. ಮನೆಯೊಳಗಿನ ಮೆಟ್ಟಿಲು ನಮ್ಮ ಮಾಳಿಗೆಗೆ ಹಚ್ಚುವ ನಿಚ್ಚಣಿಕೆಯಷ್ಟೇ ಕಡಿದು. ಕಿಟಕಿಗೆ ಪರದೆಯಿಲ್ಲ. ದಾರಿಯವರಿಗೆಲ್ಲ ಮಾರ್ಯಾ ಏನು ಉಣ್ಣುತ್ತಾಳೆಂದು ಕಾಣುತ್ತದೆ, ಯಾರೂ ನೋಡುವುದಿಲ್ಲ. ನಮ್ಮಲ್ಲಿ ಗೋಡೆಯಿದ್ದರೂ ನೋಡುತ್ತೇವೆ.

ಚಹಾದ ಹೊತ್ತಿಗೆ ಮಾರ್ಯಾ ಚಂದದ ಡಬ್ಬಿ ತೆರೆದು ನನ್ನ ಮುಂದೆ ಹಿಡಿದಳು. ಒಂದು ಬಿಸ್ಕೀಟು ತೆಗೆದುಕೊಂಡೆ. ತಟ್ಟನೆ ಮುಚ್ಚಳ ಹಾಕಿ ಒಳಗಿಟ್ಟಳು. ನಾನು ಏನಾದರೂ ತಪ್ಪು ಮಾಡಿದೆನೇ ಎಂದು ಸುನಂದಾಳ ಮುಖ ನೋಡಿದೆ. ಮೊದಲೇ ತೆಗೆದುಕೊಂಡಿದ್ದ ಅವಳಿಗೂ ಒಂದೇ ಸಿಕ್ಕಿತ್ತು.

“ಜಿಪುಣಿ ಅಲ್ಲ ಆಯಿ,” ಎಂದಳು ಶಾಂಭವಿ. “ಇಲ್ಲಿ ಪದ್ಧತಿನ ಹಂಗ. ಒಂದು ಚಹಾಕ್ಕ ಒಂದ ಬಿಸ್ಕೀಟು.”

ಅದೇ ಮಾರ್ಯಾ ನಮಗಾಗಿ ತನ್ನ ಕೋಣೆ ಬಿಟ್ಟುಕೊಟ್ಟು ತಾನು ಸೋಫಾದ ಮೇಲೆ ಮಲಗುತ್ತಿದ್ದಳು. ಹಾಸಿಗೆ ಕೊಡುತ್ತಾರೆ, ಎರಡನೇ ಬಿಸ್ಕೀಟು ಕೊಡುವುದಿಲ್ಲ. ನಮ್ಮಲ್ಲಿ ಬಂದವರ ತಾಟಿಗೆ ಬೇಡವೆಂದರೂ ಸುರಿಯುತ್ತೇವೆ, ಹಾಸಿಗೆ ಕೇಳಿದರೆ ಕೊನೆಯ ಬಸ್ಸು ಇದೆ ಎನ್ನುತ್ತೇವೆ.

ಚಳಿಗೆ ನನಗೆ ನೆಗಡಿ, ಕೆಮ್ಮು, ಮೈಬಿಸಿ ಎಲ್ಲ ಒಟ್ಟಿಗೇ ಬಂದವು. ಶಾಂಭವಿ ಡಾಕ್ಟರ ಕಡೆ ಕರೆದೊಯ್ದಳು. ಆತ ಎದೆ ನೋಡಿದ, ಗಂಟಲು ನೋಡಿದ, ಬಹಳ ಮರ್ಯಾದೆಯಿಂದ ಮಾತಾಡಿದ. ಮನೆಗೆ ಹೋಗಿ ಬೆಚ್ಚಗೆ ಮಲಗಿ, ಬಿಸಿನೀರು ಕುಡಿಯಿರಿ, ಕಡಿಮೆಯಾಗದಿದ್ದರೆ ಬನ್ನಿ ಎಂದ.

“ಸೂಜಿ?” ಎಂದೆ.

ಬೇಡವಂತೆ.

“ಗುಳಿಗಿ?”

ಅದೂ ಬೇಡವಂತೆ.

ಹೊರಗೆ ಬಂದ ಮೇಲೆ, “ಇಂವಾ ಓದ್ಯಾನೋ, ಅಪ್ಪನ ಕುರ್ಚಿ ಮ್ಯಾಲೆ ಹಂಗ ಕುಂತಾನೋ?” ಎಂದು ಕೇಳಿದೆ. ಶಾಂಭವಿ ನಕ್ಕಳು. ಆಮೇಲೆ ನಗು ನಿಲ್ಲಿಸಿ ನನ್ನ ಶಾಲು ಸರಿಮಾಡುತ್ತ, “ಆಯಿ, ಸುಮ್ಮ ಮಲಗಿದ್ರ ಆರಾಮಾಗೋ ಜಡ್ಡು ಭಾಳ ಇರ್ತಾವ,” ಎಂದಳು. ಮಲಗಿದೆ. ಆರಾಮಾಯಿತು. ಔಷಧ ಕೊಡುವ ಮನೆಯವಳಾಗಿ ಔಷಧವಿಲ್ಲದೆ ಗುಣವಾದದ್ದಕ್ಕೆ ಸ್ವಲ್ಪ ನಾಚಿಕೆಯೇ ಆಯಿತು.

ಗಾಜಿನ ಮನೆ

ಪರೀಕ್ಷೆಯ ಹಿಂದಿನ ದಿನ ಶಾಂಭವಿ ತನ್ನ ಕೆಲಸದ ಜಾಗಕ್ಕೆ ಕರೆದೊಯ್ದಳು. ಗಾಜಿನ ಗೋಡೆ, ಗಾಜಿನ ಸೂರು. ಹೊರಗೆ ಮೂಗು ಉದುರುವ ಚಳಿ, ಒಳಗೆ ನಮ್ಮ ಚೈತ್ರದ ಸೆಕೆ. ಸಾಲಾಗಿ ಕುಂಡಗಳು. ಅವುಗಳಲ್ಲಿ ನಮ್ಮ ಗಿಡ.

ಡೋಣಿಯ ದಂಡೆಯಲ್ಲಿ ದನ ತುಳಿಯುವ ಗಿಡಕ್ಕೆ ಇಲ್ಲಿ ತಲೆಯ ಮೇಲೆ ದೀಪ, ಬುಡಕ್ಕೆ ಹನಿಹನಿ ನೀರು, ಕೊರಳಿಗೆ ಚೀಟಿ. ಒಂದು ಎಲೆ ಹಳದಿಯಾದರೆ ಬರೆದಿಡಲು ಒಬ್ಬ ಮನುಷ್ಯ ಬೇರೆ. ನಾನು ಬಾಗಿಲಲ್ಲೇ ಚಪ್ಪಲಿ ಬಿಟ್ಟೆ. ಆ ಮನುಷ್ಯ ಓಡಿ ಬಂದು ನನ್ನ ಬರಿಗಾಲಿಗೆ ನೀಲಿ ಪ್ಲಾಸ್ಟಿಕ್ಕಿನ ಚೀಲ ಹಾಕಿದ. ಬರಿಗಾಲಲ್ಲಿ ಗಿಡದ ಹತ್ತಿರ ಹೋಗುವುದು ನಮ್ಮಲ್ಲಿ ಮಡಿ, ಅಲ್ಲಿ ಮೈಲಿಗೆ.

ಸೆರಗಿನ ತುದಿಯಲ್ಲಿ ಜೋಳದ ಕಾಳು ಕಟ್ಟಿಕೊಂಡು ಬಂದಿದ್ದೆ. ಅದು ಯಾರ ತಪಾಸಣೆಗೂ ಸಿಕ್ಕಿರಲಿಲ್ಲ. ನೆರಳು ಬೀಳದಂತೆ ಬಗ್ಗಿ ಬುಡಕ್ಕೆ ಹಾಕಹೋದೆ.

“ಆಯಿ, ಹಾಕಬ್ಯಾಡ,” ಎಂದು ಶಾಂಭವಿ ಕೈ ಹಿಡಿದಳು. “ಎಲ್ಲಾ ಕುಂಡಕ್ಕೂ ಒಂದ ಥರಾ ಇರಬೇಕು. ಒಂದಕ್ಕ ಕಾಳ ಹಾಕಿದ್ರ ಲೆಕ್ಕ ತಪ್ಪತೈತಿ.”

“ಕಾಳಿಲ್ಲದ ಮಾತಾಡ್ಲೇನ?”

“ಮಾತಾಡು. ಮಾತ ಲೆಕ್ಕಕ್ಕ ಇಲ್ಲ.”

ಗಿಡಕ್ಕೆ ಕೈ ಮುಗಿದೆ. “ತಾಯಿ, ನಾಳೆ ಈಕಿ ನಾಕ ಮಂದ್ಯಾಗ ನಿನ್ನ ಹೆಸರ ಹೇಳ್ತಾಳ. ಸಿಟ್ಟಾಗಬ್ಯಾಡ. ಶಾಪ ಕೊಡೂದಿದ್ರ ನನಗ ಕೊಡು, ಹೇಳಂದಾಕಿ ನಾ.”

ತಿರುಗಿ ನೋಡಿದರೆ ಶಾಂಭವಿ ಗಾಜಿಗೆ ಮುಖ ಮಾಡಿ ನಿಂತಿದ್ದಳು. ಕಣ್ಣು ಒದ್ದೆ.

“ಅಂಜಿಕಿ ಬಂದೈತೇನ?”

“ಆಯಿ, ನಾಳೆ ನಾ ಹೇಳೂದು ನಿನಗ...” ಎಂದು ನಿಲ್ಲಿಸಿದಳು.

“ಹೆಸರ ಹೇಳೂದಲ್ಲ? ಹೇಳು. ಗಿಡಾನೂ ಒಪ್ಪೇತಿ.”

ಪರೀಕ್ಷೆಯ ಸಭೆ

ಹಾಲೆಂಡಿನಲ್ಲಿ ಡಾಕ್ಟರಕಿಯ ಕೊನೆಯ ಪರೀಕ್ಷೆ ಮುಚ್ಚಿದ ಕೋಣೆಯಲ್ಲಿ ನಡೆಯುವುದಿಲ್ಲ. ಬಂಧುಬಳಗ, ಮನೆ ಒಡತಿ, ದಾರಿಯಲ್ಲಿ ಹೋಗುವವರು ಯಾರು ಬೇಕಾದರೂ ಬಂದು ಕೂಡಬಹುದು. ಹಳೆಯ ಸಭಾಂಗಣ. ಗೋಡೆಯ ತುಂಬ ಗಡ್ಡದ ಮುದುಕರ ಚಿತ್ರ, ಒಬ್ಬನೂ ನಕ್ಕಿಲ್ಲ. ಬೆಳ್ಳಿಯ ಕೋಲು ಹಿಡಿದ ಹೆಂಗಸೊಬ್ಬಳು ರಾಜರ ಮುಂದೆ ನಡೆಯುವ ಚೋಪದಾರರ ಹಾಗೆ ಮುಂದೆ ಬಂದಳು. ಅವಳ ಹಿಂದೆ ಕರಿ ನಿಲುವಂಗಿ, ಕರಿ ಟೊಪ್ಪಿಗೆಯ ಪರೀಕ್ಷಕರು. ಎಲ್ಲರೂ ಎದ್ದು ನಿಂತೆವು. ಶಾಂಭವಿ ಇಳಕಲ್ ಸೀರೆ ಉಟ್ಟಿದ್ದಳು. ಅವಳ ಎಡಬಲಕ್ಕೆ ಇಬ್ಬರು ಗೆಳತಿಯರು, ಮದುವಣಗಿತ್ತಿಯ ಪಕ್ಕ ಕಳಸಗಿತ್ತಿ ನಿಂತ ಹಾಗೆ. ಉತ್ತರ ಹೇಳಲಾಗದೆ ಅವಳು ತೂರಾಡಿದರೆ ಹಿಡಿಯಲೆಂದು ಇರಬೇಕು.

ನನ್ನ ಪಕ್ಕ ಸುನಂದಾ. ಇಂಗ್ಲಿಷ್ ಮಾತನ್ನು ಪಿಸುದನಿಯಲ್ಲಿ ನನಗೆ ಹೇಳುವುದು ಅವಳ ಕೆಲಸ.

ಶಾಂಭವಿ ಮಾತು ಸುರು ಮಾಡಿದಳು, ಮೊದಲ ಉಸಿರಿಗೇ ಹೆಸರು ಹೇಳಿದಳು. ಇಂಗ್ಲಿಷಿನಲ್ಲಲ್ಲ, ಸಾರವಾಡದ ಬಾಯಲ್ಲಿ, ಮೈಕಿನಲ್ಲಿ. ಗೋಳಗುಮ್ಮಟದೊಳಗೆ ಪಿಸುಗುಟ್ಟಿದ್ದು ತಿರುಗಿ ತಿರುಗಿ ಕೇಳುವ ಹಾಗೆ ನನ್ನ ಕಿವಿಯಲ್ಲಿ ಅದು ಸುತ್ತಿತು. ಸೆರಗು ಬಿಗಿಹಿಡಿದು ಕೂತೆ. ಸೂರು ಬೀಳಲಿಲ್ಲ. ಗಡ್ಡದ ಮುದುಕರು ಹಾಗೆಯೇ ನೋಡುತ್ತಿದ್ದರು.

ಆಮೇಲೆ ಗೋಡೆಯ ಮೇಲೆ ಗಾಯದ ಚಿತ್ರ ಬಂದವು. ಎರಡೆರಡು, ಜೋಡಿಯಾಗಿ.

“ಎಡಕಿಂದು ಎಲಿ ಹಚ್ಚಿದ್ದು, ಬಲಕಿಂದು ಹಚ್ಚಲಾರದ್ದು,” ಎಂದಳು ಸುನಂದಾ.

ಇನ್ನೊಂದು ಜೋಡಿ ಬಂತು. ಮತ್ತೊಂದು ಬಂತು. ನಾನು ಕನ್ನಡಕ ಒರೆಸಿ ನೋಡಿದೆ.

“ಸುನಂದಾ, ಎರಡೂ ಒಂದ ಥರಾ ಕಾಣ್ತಾವಲ್ಲ?”

“ಹ್ಞೂ.”

“ಹಂಗಂದ್ರ?”

“ಅದು... ಹಂಗಂದ್ರ ಛಲೋನ ಬೇ. ನೀ ಸುಮ್ಮ ಕೂಡು.”

ಮಕ್ಕಳಿಗೆ ಪಾಠ ಹೇಳುವ ಮಗಳು, ಸುಳ್ಳು ಹೇಳಲು ಇನ್ನೂ ಕಲಿತಿಲ್ಲ. ಬಸ್ಸಿನ ಕಂಡಕ್ಟರ ನೆನಪಾದ.

ಪ್ರಶ್ನೆಗಳು ಸುರುವಾದವು. ಶಾಂಭವಿ ಪಟಪಟ ಉತ್ತರ ಕೊಡುತ್ತಿದ್ದಳು. ಕೊನೆಗೆ ಬಿಳಿಗೂದಲಿನ ಪರೀಕ್ಷಕನೊಬ್ಬ ಮುಂದೆ ಬಾಗಿ ಏನೋ ಕೇಳಿದ. ಹುಡುಗಿ ನಿಂತುಬಿಟ್ಟಳು. ಸುನಂದಾ ಬಾಯಿ ಬಿಡಲಿಲ್ಲ. ಅವಳ ತೊಡೆ ಚಿವುಟಿದೆ.

“ಏನ ಕೇಳಿದಾ? ಖರೇ ಹೇಳ.”

“ಎಲಿ ಏನೂ ಕೆಲಸಾ ಮಾಡಂಗಿಲ್ಲಂದ್ರ ನಿಮ್ಮ ಮಂದಿ ಇಷ್ಟ ವರ್ಷ ಯಾಕ ಕಟ್ಟಿಕೊಂಡ್ರು ಅಂತ ಕೇಳ್ಯಾನ.”

ಶಾಂಭವಿ ನನ್ನನ್ನೇ ನೋಡುತ್ತಿದ್ದಳು. ಗೊತ್ತಿಲ್ಲದೆ ನಿಂತವಳ ಮುಖ ಅಲ್ಲ ಅದು. ಗೊತ್ತಿದ್ದೂ ನನ್ನ ಮುಂದೆ ಹೇಳಲಾರದೆ ನಿಂತವಳ ಮುಖ. ಕೋಲಿನ ಹೆಂಗಸು ಗಡಿಯಾರ ನೋಡುತ್ತಿದ್ದಳು. ಇವಳು ನುಂಗಿಕೊಂಡರೆ ಇಷ್ಟು ವರ್ಷದ ಓದು ನನ್ನ ಕಾರಣಕ್ಕೆ ನೀರುಪಾಲು.

ಮುಳ್ಳು ತೆಗೆಯುವಾಗ ನನ್ನದೊಂದು ಪದ್ಧತಿ. ನೋವಿದ್ದವರು ತಲೆಯಾಡಿಸುವವರೆಗೆ ಸೂಜಿ ಚುಚ್ಚುವುದಿಲ್ಲ. ಸಣ್ಣವಳಿದ್ದಾಗ ಅವಳ ಕಾಲಿನ ಮುಳ್ಳನ್ನೂ ಹಾಗೆಯೇ ತೆಗೆದದ್ದು. ನಾನು ಅವಳ ಕಣ್ಣು ನೋಡಿ ನಿಧಾನವಾಗಿ ತಲೆಯಾಡಿಸಿದೆ.

ಹುಡುಗಿ ಉಸಿರು ಬಿಟ್ಟಳು. ಆಮೇಲೆ ನಿಲ್ಲಲಿಲ್ಲ. ಈಗ ಸುನಂದಾಳೂ ಬಚ್ಚಿಡದೆ ಹೇಳುತ್ತ ಹೋದಳು: “ಗಾಯ ಮಾಯಿಸೂದು ಉಪ್ಪುನೀರು ಮತ್ತ ಹೊರಸು ಅನ್ನಾಕತ್ತಾಳ. ಬರೇ ಮಲಕ್ಕೋ ಅಂದಿದ್ರ ನಮ್ಮೂರಾಗ ಯಾವ ಅತ್ತೀನೂ ಸೊಸೀನ ಮಲಗಾಕ ಬಿಡ್ತಿರಲಿಲ್ಲ. ಎಲಿ ಕಟ್ಟಿದ್ರ ಬಿಡ್ತಿದ್ರು. ನಮ್ಮ ಆಯಿ ಎಲಿ ಕಟ್ಟಿದ್ದು ಕಾಲಿಗೆ, ನಾಟಿದ್ದು ಅತ್ತೀಗೆ ಅಂತ.”

ಸಭೆ ನಕ್ಕಿತು. ಬಿಳಿಗೂದಲಿನವನೂ ನಕ್ಕ. ಶಾಂಭವಿ ಇನ್ನೇನೋ ಹೇಳಲು ಬಾಯಿ ತೆರೆದಿದ್ದಳು. ಕೋಲಿನ ಹೆಂಗಸು ನೆಲಕ್ಕೆ ಕೋಲು ಕುಟ್ಟಿದಳು. ಅರ್ಧ ಮಾತು ಅರ್ಧಕ್ಕೇ ನಿಂತಿತು. ಹೊತ್ತು ಮುಗಿದರೆ ಯಾರ ಮಾತೂ ನಡೆಯುವುದಿಲ್ಲವಂತೆ. ನಮ್ಮ ಬಬಲೇಶ್ವರದ ಸಭೆಗಳಿಗೆ ಅಂಥ ಕೋಲೊಂದು ತರಬೇಕೆಂದು ಬಹಳ ಅನಿಸಿತು.

ಪರೀಕ್ಷಕರು ಒಳಗೆ ಹೋಗಿ ಬಂದರು. ಕೆಂಪು ಕೊಳವೆಯಲ್ಲಿ ಸುತ್ತಿದ ಕಾಗದ ಕೊಟ್ಟರು. ಶಾಂಭವಿ ಡಾಕ್ಟರ್ ಆದಳು. ಎಲೆ ಫೇಲು, ಹುಡುಗಿ ಪಾಸು. ಫೇಲಾದದ್ದನ್ನು ಫೇಲು ಎಂದು ಸರಿಯಾಗಿ ತೋರಿಸಿದರೂ ಪಾಸು ಮಾಡುವ ದೇಶ ಅದು.

ಆಮೇಲೆ ನಡೆದದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಅಲ್ಲಿನ ಪದ್ಧತಿಯಂತೆ ಗೆದ್ದವರಿಗೆ ಮಾತ್ರವಲ್ಲ, ಅವರ ಮನೆಯವರಿಗೆಲ್ಲ ಅಭಿನಂದನೆ ಹೇಳುತ್ತಾರೆ. ಮಂದಿ ಸಾಲುಗಟ್ಟಿ ಬಂದು ನನ್ನ ಕೈ ಕುಲುಕಿದರು. ಮೊಮ್ಮಗಳಿಗಾಗಿ ನಿಮಗೆ ಅಭಿನಂದನೆ, ಮೊಮ್ಮಗಳಿಗಾಗಿ ನಿಮಗೆ ಅಭಿನಂದನೆ. ಬಿಳಿಗೂದಲಿನವನು ಟೊಪ್ಪಿಗೆ ತೆಗೆದು ಕುಲುಕಿದ. ಮಾರ್ಯಾ ಎರಡು ಸಲ ಬಂದಳು. ನಾಕನೇ ಇಯತ್ತೆಗೆ ಸಾಲಿ ಬಿಟ್ಟವಳು ಕರಿ ನಿಲುವಂಗಿಯವರ ಕೈಯಲ್ಲಿ ಕೈಯಿಟ್ಟು ಹಿರಿಹಿರಿ ಹಿಗ್ಗುತ್ತ ನಿಂತಿದ್ದೆ.

ಗದ್ದಲ ಕಡಿಮೆಯಾದ ಮೇಲೆ ಶಾಂಭವಿ ನನ್ನ ಹೆಗಲಿಗೆ ಮುಖ ಹಚ್ಚಿದಳು. “ಸಿಟ್ಟ ಬಂತೇನ ಆಯಿ? ಹೋದ ವರ್ಷನ ಗೊತ್ತಾಗಿತ್ತು. ಹೇಳಾಕ ಬಾಯಿ ಬರಲಿಲ್ಲ.”

“ಹೆಸರ ಹೇಳಿದ್ರ ಗುಣಾ ಹೋಗತೈತಿ ಅಂತ ಅಂಜಿ ಸತ್ತಿದ್ದೆ. ಇಲ್ಲದ ಗುಣಾ ಎಲ್ಲಿಂದ ಹೋಗಬೇಕ ಬೇ? ಆ ಅಂಜಿಕಿ ತಗದಿ ನೀ.”

“ಊರಾಗ ಖರೇ ಹೇಳ್ತಿಯೇನ?”

“ಹೇಳ್ತೇನಿ.”

ಅಲ್ಲಿ ನಿಂತು ಹೇಳುವುದು ಸುಲಭವಿತ್ತು. ಒಂದು ಪ್ರಶ್ನೆ ಮಾತ್ರ ಉಳಿದಿದೆ. ನನ್ನ ಅತ್ತೆಗೆ ಇದೆಲ್ಲ ಗೊತ್ತಿತ್ತೇ? ಎಲೆ ಕಟ್ಟಿದಾಗೆಲ್ಲ ನನ್ನನ್ನು ಹೊರಸಿನಿಂದ ಇಳಿಯಗೊಡದೆ ತಾನೇ ರೊಟ್ಟಿ ಬಡಿದವಳು ಅವಳು. ಕೇಳೋಣವೆಂದರೆ ಇಲ್ಲ.

ಮರಳಿ ಸಾರವಾಡ

ಬರುವಾಗ ಮಾರ್ಯಾ ಬಿಸ್ಕೀಟು ತುಂಬಿದ ಡಬ್ಬಿಯನ್ನೇ ನನ್ನ ಕೈಗಿಟ್ಟಳು. ಅದನ್ನು ಬಗಲಲ್ಲಿ ಹಿಡಿದು ಬಸ್ಸಿಳಿದು ಮನೆ ಮುಟ್ಟಿದರೆ, ಕಟ್ಟೆಯ ಮೇಲೆ ನೀಲವ್ವ ಮತ್ತು ಅವಳ ಸೊಸೆ ಸವಿತಾ. ಮುಳ್ಳು ನೆಟ್ಟು ಸವಿತಾಳ ಹಿಮ್ಮಡಿ ಬಾತಿತ್ತು. ಬಬಲೇಶ್ವರಕ್ಕೆ ಹೋಗಿ ಸೂಜಿ ಮಾಡಿಸಿಕೊಂಡು ಬಂದಿದ್ದರು.

“ಪಾಸಾತೇನ?” ಎಂದಳು ನೀಲವ್ವ.

“ಹುಡುಗಿ ಪಾಸಾದ್ಲು. ಡಾಕ್ಟರ್ ಆದ್ಲು.”

“ಎಲಿ?”

ಎಲೆ ಸುಳ್ಳೆಂದರೆ ಸವಿತಾಳ ಹೊರಸೂ ಹೋಗುತ್ತದೆ. ಹೇಳದಿದ್ದರೆ ಶಾಂಭವಿಗೆ ಕೊಟ್ಟ ಮಾತು ಹೋಗುತ್ತದೆ.

“ಫೇಲಾತು,” ಎಂದೆ. “ಕಟ್ಟಿದ್ರೂ ಅಷ್ಟ, ಬಿಟ್ಟರೂ ಅಷ್ಟ. ಉಪ್ಪುನೀರು, ಹೊರಸು, ಇವೆರಡ ಔಷಧ ಅಂತ ತೋರಿಸಿದ್ಲು.”

ನೀಲವ್ವ ಗಲ್ಲಕ್ಕೆ ಕೈ ಹಚ್ಚಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಅಲ್ಲಿ ಹೆಸರ ಹೇಳಿದ್ರೇನ?”

“ಮೈಕಿನ್ಯಾಗ ಹೇಳಿದ್ಲು.”

“ಮತ್ತ? ಗುಣಾ ಹೋಗದ ಏನಾದೀತು? ಹೇಳಬಾರದಂತ ನಿಮ್ಮತ್ತಿ ಬಡಕೊಂಡಿದ್ದು ಇದಕ್ಕ. ಊರ ಔಷಧಾ ಒಯ್ದು ಪರದೇಶದಾಗ ಕಳದ ಬಂದಿ.”

ಶಾಂಭವಿಯ ಇಷ್ಟು ವರ್ಷದ ಸಂಶೋಧನೆಯನ್ನು ನೀಲವ್ವ ಕಟ್ಟೆಯ ಮೇಲೆ ಕೂತಲ್ಲೇ ಬೇರೆ ದಾರಿಯಿಂದ ಒಪ್ಪಿಬಿಟ್ಟಳು. ಎಲೆಯಲ್ಲಿ ಗುಣವಿಲ್ಲ ಎಂಬಲ್ಲಿ ಇಬ್ಬರಿಗೂ ಜಗಳವಿಲ್ಲ. ಇಲ್ಲ, ಗುಣ ಮೊದಲಿನಿಂದಲೂ ಇರಲಿಲ್ಲ ಎಂದು ತಿದ್ದಿದೆ. ಎರಡು ಸಲ ತಿದ್ದಿದೆ. ಅದು ಅವಳ ಕಿವಿಗೆ ಹೋಗಲಿಲ್ಲ.

“ಈಗ ಈಕೀ ಗತಿ ಏನು? ಉಳ್ಳಾಗಡ್ಡಿ ಕೀಳೂದೈತಿ.”

“ಎಲಿ ಇಲ್ಲಂದ ಮ್ಯಾಲೆ ಉಳಿದಿದ್ದು ಹೊರಸೊಂದ. ಅದನ್ನ ಗಟ್ಟಿ ಹಿಡೀಬೇಕು. ಬಾವು ಪೂರಾ ಇಳಿಯೂತನ ಕಾಲ ಕೆಳಗ ಇಡಂಗಿಲ್ಲ.”

ನೀಲವ್ವ ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು. ಆಮೇಲೆ ಗೊಣಗುತ್ತ ಎದ್ದು ಸೆರಗು ಸಿಗಿಸಿಕೊಂಡು ತನ್ನ ಮನೆಯ ಒಲೆಯ ಕಡೆ 
ನಡೆದಳು. ರೊಟ್ಟಿ ಬಡಿಯುವ ಸಪ್ಪಳ ನಮ್ಮ ಅಂಗಳದವರೆಗೂ ಬಂತು, ಎಂದಿಗಿಂತ ಜೋರಾಗಿ.

ಉಪ್ಪುನೀರು ಕಾಯಿಸಿ ಸವಿತಾಳ ಕಾಲು ತೊಳೆದೆ. ಅವಳನ್ನು ನಮ್ಮ ಹೊರಸಿನ ಮೇಲೆ ಮಲಗಿಸಿ ಹಿಮ್ಮಡಿಯ ಕೆಳಗೆ ದಿಂಬು ಇಟ್ಟೆ. ಬೆರಳು ತಾವಾಗಿ ಎಲೆಯ ಅರಿವೆ ಹುಡುಕಿದವು. ಅದು ವಿಜಯಪುರದಲ್ಲಿ ಸುನಂದಾಳ ಕಪಾಟಿನಲ್ಲೇ ಉಳಿದಿದೆ. ಇರಲಿ.

“ಆಯಿ, ಎಲಿ ಹೆಸರ ಏನ್ರಿ?” ಎಂದು ಸವಿತಾ ಕೇಳಿದಳು. “ಹೆಂಗೂ ಗುಣಾ ಹೋಗೇತಲ್ಲ.”

ಹೇಳಲು ಬಾಯಿ ತೆರೆದೆ. ಬರಲಿಲ್ಲ. ಅಷ್ಟು ವರ್ಷದ ರೂಢಿ. ಬದಲಿಗೆ ಮಾರ್ಯಾಳ ಡಬ್ಬಿ ತೆರೆದು ಹಿಡಿದೆ. ಹುಡುಗಿ ಒಂದು ತೆಗೆದುಕೊಂಡಳು. ಡಬ್ಬಿಯನ್ನು ಅವಳ ಹೊಟ್ಟೆಯ ಮೇಲೆಯೇ ಇಟ್ಟು, ಮುಚ್ಚಳವನ್ನು ಒಳಗೆ ಒಯ್ದೆ.